ಅಪ್ಪ ಬಿಡುತ್ತಿದ್ದ ಪೆಟ್ಟು

“ನಿಲ್ಸಿ ದೇವರಾಜಣ್ಣ, ನಿಲ್ಸಿ! ಅದು ಕುಂಟ್ತಾ ಇದೆ!”

ದೊಡ್ಡಿ ಎರಡೂ ಕಿವಿ ಮುಚ್ಚಿಕೊಂಡು ಕೂಗಿದಳು. ದೇವರಾಜಣ್ಣ ಗಡಿಬಿಡಿಯಲ್ಲಿ ಸ್ವಿಚ್ ಆರಿಸಿದ. ಡುಂ ಟಕ್ ಟಕ್ ಅನ್ನುತ್ತಿದ್ದ ಮರದ ಪೆಟ್ಟಿಗೆ ಅರ್ಧ ಮಾತಿಗೇ ಬಾಯಿ ಮುಚ್ಚಿತು.

“ಎಲ್ಲಿ ಕುಂಟ್ತು? ನನಗೆ ಸರಿಯಾಗೇ ಕೇಳಿಸ್ತಲ್ಲ.”

“ನಾಕನೇದು ಡುಂ ಬರ್ಬೇಕು. ಇದು ಟಕ್ ಅಂತು. ನಿಮಗೆ ಕಿವಿ ಕೇಳ್ಸಲ್ವಾ?”

ರೇಡಿಯೊ ರಿಪೇರಿ ಮಾಡುವವನಿಗೆ ಕಿವಿ ಕೇಳಿಸುವುದಿಲ್ಲವೇ ಎಂದು ಕೇಳುವ ಧೈರ್ಯ ಸಿದ್ದಾಪುರದಲ್ಲಿ ಇನ್ನಾರಿಗೂ ಇರಲಿಲ್ಲ. ಸುತ್ತಲಿನ ಎಸ್ಟೇಟುಗಳ ರೇಡಿಯೊ ಕೆಟ್ಟರೆ ಬರುವುದು ಬಸ್‌ಸ್ಟ್ಯಾಂಡ್ ಪಕ್ಕದ ಅವನ ಅಂಗಡಿಗೇ. ಮದುವೆಗೆ ಮೈಕ್‌ಸೆಟ್ ಬೇಕೆಂದರೂ ಅವನೇ. ಆದರೆ ದೇವರಾಜಣ್ಣನಿಗೆ ಸಿಟ್ಟು ಬರಲಿಲ್ಲ. ದಾರ ಕಟ್ಟಿದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, “ಆಯ್ತು ಮೇಷ್ಟ್ರೇ,” ಎಂದು ಪೆಟ್ಟಿಗೆಯ ಹಿಂದಕ್ಕೆ ಹೋಗಿ ಕೂತ.

ಮೇಷ್ಟ್ರೇ! ದೊಡ್ಡಿಗೆ ಒಳಗೊಳಗೇ ಹಿಗ್ಗು. ಅವಳಿಗೆ ಹತ್ತು ವರ್ಷ, ಐದನೇ ಕ್ಲಾಸು. ಸ್ಕೂಲಿನಲ್ಲಿ ಅವಳ ಬೆರಳುಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕಾಮಾಕ್ಷಮ್ಮ ಟೀಚರ್ ಗೋಡೆಯ ಮೇಲಿನ ಹೊಸ ಭೂಪಟ ತೋರಿಸಿ, “ಈಗ ನಮ್ಮ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದೆ,” ಎಂದು ಹೇಳುತ್ತಿದ್ದರೆ, ಇವಳ ಬೆರಳುಗಳು ಡೆಸ್ಕಿನ ಮೇಲೆ ಮದುವೆಯ ವಾಲಗ ಶುರುಮಾಡುತ್ತಿದ್ದವು. “ಬೆರಳು!” ಅನ್ನುತ್ತಿದ್ದರು ಟೀಚರ್. ಆಮೇಲೆ ಸ್ಕೇಲು ಬರುತ್ತಿತ್ತು. ಅದೇ ಬೆರಳುಗಳಿಗೆ ಈ ಅಂಗಡಿಯಲ್ಲಿ ಮರ್ಯಾದೆಯೋ ಮರ್ಯಾದೆ.

ಪೆಟ್ಟಿಗೆ ಅವಳ ಎದೆಮಟ್ಟಕ್ಕಿತ್ತು. ನೋಡಲು ದೊಡ್ಡ ರೇಡಿಯೊದ ಹಾಗೆಯೇ. ಯಾವುದೋ ಎಸ್ಟೇಟಿನ ಬಿಳಿ ದೊರೆ ಬಂಗಲೆಯಲ್ಲಿ ಪಾರ್ಟಿ ಮಾಡಿ ಕುಣಿಯಲು ಅದನ್ನು ಹಡಗಿನಲ್ಲಿ ತರಿಸಿದ್ದನಂತೆ. ಅವನು ಎಸ್ಟೇಟ್ ಮಾರಿ ತನ್ನ ದೇಶಕ್ಕೆ ಹೊರಟಾಗ ಮಂಚ, ಕುರ್ಚಿ, ಕನ್ನಡಿಗಳ ಜೊತೆ ಇದೂ ಹರಾಜಿಗೆ ಬಂತು. ರೇಡಿಯೊ ಅಂದುಕೊಂಡು ಕೊಂಡವರು ಕಾಫಿ ತೋಟದ ಬೋಜಪ್ಪನವರು. ಮನೆಗೆ ತಂದು ಬಟನ್ ಒತ್ತಿದರೆ ವಾರ್ತೆಯೂ ಇಲ್ಲ, ಹಾಡೂ ಇಲ್ಲ. ಬರೀ ಡುಂ ಚಿಕ್ ಚಿಕ್, ಡುಂ ಚಿಕ್ ಚಿಕ್. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೋಜಪ್ಪನವರಿಗೆ ತಮ್ಮನ್ನು ನೋಡಿ ಯಾರಾದರೂ ನಕ್ಕರೆ ಸೇರುತ್ತಿರಲಿಲ್ಲ. ಪೆಟ್ಟಿಗೆಯನ್ನು ಜೀಪಿಗೆ ಹಾಕಿಕೊಂಡು ನೇರ ದೇವರಾಜಣ್ಣನ ಅಂಗಡಿಗೆ ಬಂದು, “ಎಂಥ ಮಾರಾಯ ಇದು? ಇದರಲ್ಲಿ ನಮ್ಮ ವಾಲಗ ಬರೋ ಹಾಗೆ ಮಾಡು, ನೋಡುವ,” ಎಂದಿದ್ದರು.

ಪೆಟ್ಟಿಗೆಯ ಹಿಂಬದಿ ಬಿಚ್ಚಿದರೆ ಒಳಗೊಂದು ದುಂಡು ತಟ್ಟೆ. ತಟ್ಟೆಯ ಸುತ್ತ ಹಿತ್ತಾಳೆಯ ಚುಕ್ಕಿಗಳು. ನಡುವೆ ಗಡಿಯಾರದ ಮುಳ್ಳಿನಂಥ ಕಡ್ಡಿಯೊಂದು ತಿರುಗುತ್ತದೆ. ಕಡ್ಡಿಯ ತುದಿ ಚುಕ್ಕಿಗೆ ತಾಗಿದಾಗಲೆಲ್ಲ ಕರೆಂಟು ಹರಿದು ಒಂದು ಸದ್ದು. ಒಂದು ವೈರಿಗೆ ಡುಂ, ಇನ್ನೊಂದಕ್ಕೆ ಟಕ್. ಯಾವ ಚುಕ್ಕಿಗೆ ಯಾವ ವೈರು ಅನ್ನುವುದನ್ನು ಬದಲಿಸಿದರೆ ಆಯಿತು, ದೊರೆಯ ಕುಣಿತ ಹೋಗಿ ನಮ್ಮ ಕುಣಿತ ಬರುತ್ತದೆ.

ಆದರೆ ಯಾವುದು ಎಲ್ಲಿಗೆ? ದೇವರಾಜಣ್ಣ ಕುಶಾಲನಗರದ ಕಡೆಯವನು. ರೇಡಿಯೊದೊಳಗಿನ ಸುಟ್ಟ ವಾಲ್ವನ್ನು ಮೂಸಿಯೇ ಗುರುತಿಸುತ್ತಿದ್ದ, ವಾಲಗ ಮಾತ್ರ ಅವನ ಪಾಲಿಗೆ ಬರೀ ಗದ್ದಲ. ದೊಡ್ಡಿ ಸಂಜೆ ಹೊತ್ತು ಅಪ್ಪ ಹೆಣೆದ ಬುಟ್ಟಿಗಳನ್ನು ಅಂಗಡಿಯ ಮುಂದೆ ಇಟ್ಟುಕೊಂಡು ಮಾರಲು ಕೂರುತ್ತಿದ್ದಳು. ಗಿರಾಕಿ ಇಲ್ಲದಾಗ ಬುಟ್ಟಿ ಬೋರಲು ಹಾಕಿ ಬಡಿಯುತ್ತಿದ್ದಳು. ಅದನ್ನು ಕೇಳಿದ ದೇವರಾಜಣ್ಣ ಅವಳನ್ನು ಒಳಕ್ಕೆ ಕರೆದಿದ್ದ.

“ಈಗ ನಾಕು ಡುಂ, ಐದೂ ಡುಂ. ಆರನೇದು?” ದೇವರಾಜಣ್ಣ ಪೆಟ್ಟಿಗೆಯ ಹಿಂದಿನಿಂದಲೇ ಕೇಳಿದ.

“ಖಾಲಿ.”

“ಖಾಲಿಯಾ? ಅಲ್ಲೊಂದು ಟಕ್ ಬೇಕು ಅನ್ಸುತ್ತಲ್ಲ? ಇಲ್ದಿದ್ರೆ ನಡೀತಾ ನಡೀತಾ ಗುಂಡಿಗೆ ಕಾಲಿಟ್ಟ ಹಾಗಾಗುತ್ತೆ.”

“ನಮ್ಮಪ್ಪ ಅಲ್ಲಿ ಹೊಡಿಯೋದೇ ಇಲ್ಲ. ಅದೇ ಚೆಂದ. ಏಳಕ್ಕೆ ಟಕ್, ಎಂಟಕ್ಕೆ ಟಕ್.”

ದೇವರಾಜಣ್ಣ ಆರನೇ ಚುಕ್ಕಿಯ ವೈರನ್ನು ಕತ್ತರಿಸಿ, ತುದಿಯನ್ನು ಮಡಚಿ ಟೇಪು ಸುತ್ತಿದ. ಆಮೇಲೆ ಸ್ವಿಚ್ ಹಾಕಿದ.

ಡುಂ, ಟಕ್, ಟಕ್, ಡುಂ, ಡುಂ. ಒಂದು ಬಿಡುವು. ಟಕ್, ಟಕ್.

ದೊಡ್ಡಿಗೆ ಮೈ ಜುಮ್ಮೆಂದಿತು. ಅಪ್ಪನೇ! ಅಪ್ಪನೇ ಪೆಟ್ಟಿಗೆಯೊಳಗೆ ಕೂತು ಬಡಿಯುತ್ತಿದ್ದಾನೆ ಅನ್ನಿಸಿತು. ಹೊರಗೆ ಓಡಿ ಬುಟ್ಟಿಗಳ ನಡುವೆ ಎರಡು ಸುತ್ತು ಕುಣಿದೇಬಿಟ್ಟಳು. ರಸ್ತೆಯಲ್ಲಿ ಹೋಗುತ್ತಿದ್ದ ಕಾಫಿ ಹಣ್ಣು ಕೊಯ್ಯುವ ಹೆಂಗಸರು ನಿಂತು ನೋಡಿ ನಕ್ಕರು.

“ಬೋಜಪ್ಪನವರ ಮಗ ಪೂವಯ್ಯನ ಮದುವೆಗೆ ಇದು,” ಎಂದ ದೇವರಾಜಣ್ಣ.

“ಗೊತ್ತು. ನಮ್ಮಪ್ಪಂಗೆ ಹೇಳ್ಬೇಡಿ ಆಯ್ತಾ? ಮದುವೆ ದಿನಾನೇ ನೋಡ್ಲಿ. ರಾತ್ರಿಯೆಲ್ಲ ಬಡಿದು ಅಪ್ಪನ ಕೈ ಊದ್ಕೊಳ್ಳುತ್ತೆ. ಈ ಸಲ ಕುರ್ಚಿ ಮೇಲೆ ಕೂತು ಬಟನ್ ಒತ್ತಿದ್ರೆ ಸಾಕು!”

ದೇವರಾಜಣ್ಣ ಏನೋ ಹೇಳಲು ಬಾಯಿ ತೆರೆದ. ದೊಡ್ಡಿಯ ಮುಖ ನೋಡಿದ. ಆಮೇಲೆ ಸ್ಕ್ರೂಗಳನ್ನು ಹೆಕ್ಕಿಕೊಂಡು ಪೆಟ್ಟಿಗೆಯ ಬೆನ್ನು ಮುಚ್ಚತೊಡಗಿದ.

ಮನೆಯಲ್ಲಿ ಅಪ್ಪ ಸಣ್ಣಸ್ವಾಮಿ ಡೋಲಿಗೆ ಹೊಸ ಚರ್ಮ ಬಿಗಿಯುತ್ತಿದ್ದ. ಅಂಗಳದ ತುಂಬ ಸೀಳಿದ ಬಿದಿರು. ಹೊಳೆಯ ಬದಿಯ ಆ ಮನೆಯಲ್ಲಿ ವರ್ಷವಿಡೀ ಬುಟ್ಟಿ ಹೆಣೆಯುತ್ತಿದ್ದರು. ಮದುವೆ ಕಾಲ ಬಂದರೆ ಅಪ್ಪ ಡೋಲು ಹೆಗಲಿಗೇರಿಸುತ್ತಿದ್ದ, ಚಿಕ್ಕಪ್ಪ ಸಿದ್ದಣ್ಣ ವಾಲಗ ಊದುತ್ತಿದ್ದ.

“ವೀಳ್ಯ ಬಂತಾ?” ಎಂದು ಅಪ್ಪ ಅವ್ವನನ್ನು ಕೇಳಿದ.

“ಬಂದ್ರೆ ನಿಂಗೆ ಹೇಳ್ದೆ ನಾನೇ ಜಗಿದುಬಿಡ್ತೀನಾ?” ಎಂದಳು ಅವ್ವ ಹುಚ್ಚಮ್ಮ.

ಮದುವೆ ಮನೆಯವರು ಎಲೆ ಅಡಿಕೆ ಕೊಟ್ಟು ಕರೆದರೇನೇ ವಾಲಗದವರು ಹೋಗುವುದು. ಹಾಗೇ ಹೋಗುವಂತಿಲ್ಲ, ಒಬ್ಬರ ಪಾಲಿನ ಮನೆಗೆ ಇನ್ನೊಬ್ಬರು ನುಗ್ಗುವಂತೆಯೂ ಇಲ್ಲ. ಬೋಜಪ್ಪನವರ ಮನೆ ಅಪ್ಪನ ಪಾಲಿನದು. ಅಪ್ಪನಿಗೂ ಮೊದಲು ಅದು ಅಜ್ಜನ ಪಾಲಿನದಾಗಿತ್ತು. ಬೋಜಪ್ಪನವರ ಮದುವೆಗೆ ಡೋಲು ಬಡಿದವನೂ ಅಜ್ಜನೇ.

ಅಪ್ಪ ಡೋಲನ್ನು ಬಿಸಿಲಿಗೆ ಹಿಡಿದು ಎಡಗೈಯಿಂದ ತಟ್ಟಿ ನೋಡಿದ. ಆ ಕೈಯಲ್ಲಿ ಕಿರುಬೆರಳಿರಲಿಲ್ಲ. ದೊಡ್ಡಿ ಹುಟ್ಟುವುದಕ್ಕೂ ಮೊದಲು ಬಿದಿರು ಸೀಳುವಾಗ ಕತ್ತಿ ಜಾರಿ ಹೋದದ್ದು. ದೊಡ್ಡಿಗೆ ಅದು ವಿಚಿತ್ರವಾಗಿ ಕಾಣುತ್ತಲೇ ಇರಲಿಲ್ಲ. ಅಪ್ಪನ ಎಡಗೈ ಅಂದರೆ ನಾಲ್ಕು ಬೆರಳಿನ ಕೈ, ಅಷ್ಟೆ.

“ಅಪ್ಪ, ಗಂಗೆ ಪೂಜೆ ಹೊತ್ತಲ್ಲಿ ನಾನೂ ನಿನ್ ಪಕ್ಕ ನಿಂತ್ಕೊಳ್ಲಾ?”

“ನಿಂತ್ಕೊ. ಆದ್ರೆ ಕಣ್ಣೆಲ್ಲಿರ್ಬೇಕು ಹೇಳು?”

“ಕೈ ಡೋಲಿನ ಮೇಲೆ, ಕಣ್ಣು ಮದುಮಗಳ ಕತ್ತಿನ ಮೇಲೆ.”

ಅಪ್ಪ ನಕ್ಕ. ಗಂಡನ ಮನೆಗೆ ಬಂದ ಮದುಮಗಳು ಬಾವಿಗೆ ಪೂಜೆ ಮಾಡಿ, ತುಂಬಿದ ಕೊಡ ಹೊತ್ತು ಅಡುಗೆಮನೆಗೆ ಬರಬೇಕು. ಗಂಡನ ಕಡೆಯವರು ಅವಳ ದಾರಿಗೆ ಅಡ್ಡ ನಿಂತು ಕುಣಿಯುತ್ತಾರೆ. ವಾಲಗ ನಿಲ್ಲುವವರೆಗೆ ಅವರು ದಾರಿ ಬಿಡುವುದಿಲ್ಲ, ಅವಳು ಕೊಡ ಇಳಿಸುವಂತಿಲ್ಲ. ಎಲ್ಲರೂ ಕುಣಿತದಲ್ಲಿ ಮುಳುಗಿರುವಾಗ ಅವಳ ಕತ್ತು ನೋಡುವವನು ಡೋಲಿನವನು ಒಬ್ಬನೇ. ಕತ್ತು ನಡುಗಿದ್ದು ಕಂಡಿತೋ, ಅಪ್ಪ ಮುಗಿಸುವ ಪೆಟ್ಟು ಹಾಕಿಬಿಡುತ್ತಿದ್ದ. ಕುಣಿಯುವವರು ಬೈದುಕೊಂಡೇ ಪಕ್ಕಕ್ಕೆ ಸರಿಯುತ್ತಿದ್ದರು.

ಒಂದು ಸಂಜೆ ಸಿದ್ದಣ್ಣ ಚಿಕ್ಕಪ್ಪ ಬಂದ. ಅವನ ಕೈಯಲ್ಲಿ ಎಲೆ ಅಡಿಕೆ ಇತ್ತು. ಅಪ್ಪ ಮುಖವೆಲ್ಲ ಅರಳಿಸಿಕೊಂಡು ಎದ್ದು, ಪಂಚೆಗೆ ಕೈ ಒರೆಸಿಕೊಂಡ.

ಚಿಕ್ಕಪ್ಪ ಮಾತ್ರ ಬಾಗಿಲಲ್ಲೇ ನಿಂತ. “ಅಣ್ಣ, ಬೋಜಪ್ಪನೋರ ಮನೆದು. ನಂಗ್ ಮಾತ್ರ ಕೊಟ್ರು.”

“ನಿಂಗ್ ಮಾತ್ರ ಅಂದ್ರೆ?”

“ಊದೋಕೆ ನಾನು ಬರ್ಬೇಕಂತೆ. ಡೋಲು ಬ್ಯಾಡ್ವಂತೆ. ಅದ್ಯಾವ್ದೋ ಪೆಟ್ಗೆ ಬಡೀತದಂತೆ ಅಣ್ಣ. ಕರೆಂಟ್ ಪೆಟ್ಗೆ.”

ಒಲೆಯ ಮುಂದಿದ್ದ ಅವ್ವ ಊದುಗೊಳವೆ ಕೆಳಗಿಟ್ಟಳು. “ಪೆಟ್ಗೆ ಬಡೀತದಾ? ಅದಕ್ಕೇನು ಕೈಯ್ಯಿದ್ದದಾ?”

“ನಾನ್ ಹೋಗಕಿಲ್ಲ ಅಣ್ಣ. ವಾಪಸ್ ಕೊಟ್ಬಿಡ್ತೀನಿ,” ಎಂದ ಚಿಕ್ಕಪ್ಪ.

ಅಪ್ಪ ತಮ್ಮನ ಕೈಯಲ್ಲಿದ್ದ ಎಲೆ ಅಡಿಕೆಯನ್ನೇ ನೋಡಿದ. ಆಮೇಲೆ, “ಕೊಟ್ಟ ವೀಳ್ಯ ವಾಪಸ್ ಕೊಡಬಾರ್ದು ಸಿದ್ದ. ನೀ ಹೋಗು,” ಎಂದ. ಒಳಗೆ ಹೋಗಿ ಡೋಲಿಗೆ ಹಳೆ ಸೀರೆ ಹೊದಿಸಿ ಮೂಲೆಗಿಟ್ಟ. ಮತ್ತೆ ಬಂದು ಅರ್ಧ ಹೆಣೆದ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡ.

ದೊಡ್ಡಿ ಬಿದಿರು ಸಿಪ್ಪೆಯ ರಾಶಿಯ ಹಿಂದೆ ಕೂತಿದ್ದಳು. ಪೆಟ್ಟಿಗೆ ಅಪ್ಪನ ಜೊತೆಗೆ ಅಂದುಕೊಂಡಿದ್ದಳು. ಅಪ್ಪನ ಬದಲಿಗೆ ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಅಪ್ಪ ಕೂರಬೇಕಾಗಿದ್ದ ಕುರ್ಚಿಯೇ ಅಲ್ಲಿ ಇರುವುದಿಲ್ಲ.

ಮಾರನೆಯ ದಿನ ಸ್ಕೂಲಿಗೆ ಹೋಗುವ ದಾರಿಯಲ್ಲೇ ಅಂಗಡಿಗೆ ನುಗ್ಗಿದಳು. ಅಂಗಡಿಯ ಮುಂದೆ ಬೋಜಪ್ಪನವರ ಜೀಪು ನಿಂತಿತ್ತು. ಇಬ್ಬರು ಆಳುಗಳು ಪೆಟ್ಟಿಗೆಯನ್ನು ಗೋಣಿ ಸುತ್ತಿ ಎತ್ತುತ್ತಿದ್ದರು.

“ದೇವರಾಜಣ್ಣ, ಅದನ್ನ ಮೊದ್ಲಿನ ಹಾಗೇ ಮಾಡಿ! ಡುಂ ಚಿಕ್ ಚಿಕ್ ಮಾಡಿ!”

“ಹಳೆ ವೈರೆಲ್ಲ ಕತ್ತರಿಸಿ ಆಯ್ತಲ್ಲಮ್ಮ.”

“ಹಂಗಾದ್ರೆ ಕೆಡಿಸಿಬಿಡಿ! ಸುಟ್ಟೋಯ್ತು ಅನ್ನಿ!”

“ಮೆತ್ತಗೆ ಮಾತಾಡು.” ದೇವರಾಜಣ್ಣ ಜೀಪಿನ ಕಡೆ ನೋಡಿದ. “ನಾನು ಮಾಡ್ದೆ ಇದ್ರೆ ವಿರಾಜಪೇಟೆಯಲ್ಲಿ ಇನ್ಯಾರೋ ಮಾಡ್ತಿದ್ರು ದೊಡ್ಡಿ.”

“ಅವರಿಗೆ ನಮ್ಮಪ್ಪನ ಪೆಟ್ಟು ಗೊತ್ತಾ?”

ದೇವರಾಜಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಡಬ್ಬಿಯಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಅವಳ ಮುಂದೆ ಹಿಡಿದ. ದೊಡ್ಡಿ ಅದನ್ನು ಮುಟ್ಟಲಿಲ್ಲ. ಅವಳಿಗೆ ದೇವರಾಜಣ್ಣನ ಮೇಲೆ ಕೆಟ್ಟ ಸಿಟ್ಟು ಬಂತು. ತನ್ನ ಮೇಲೆ ಬಂದದ್ದು ಅದಕ್ಕಿಂತ ಹೆಚ್ಚಿನ ಸಿಟ್ಟು.

ಮದುವೆಯ ಮಾರನೆಯ ದಿನ ಅಪ್ಪ ಬೋಜಪ್ಪನವರ ಮನೆಗೆ ಹೋಗಲೇಬೇಕಾಯಿತು. ಅನ್ನ ಸುರಿಯಲು ದೊಡ್ಡ ಬುಟ್ಟಿಗಳು ಸಾಲಲಿಲ್ಲ, ಇನ್ನಷ್ಟು ತಾ ಅಂತ ಆಳು ಬಂದು ಹೇಳಿದ್ದ. ಬುಟ್ಟಿ ಹೊರಲು ದೊಡ್ಡಿಯೂ ಹೊರಟಳು. ಬೇಡವೆನ್ನಲು ಅವಳಿಗೆ ನೆಪ ಸಿಗಲಿಲ್ಲ.

ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ವರ್ಷವೇ ಕರೆಂಟು ಬಂದ ಮನೆ, ಹಗಲಲ್ಲೂ ಬಣ್ಣದ ಬಲ್ಬುಗಳು ಉರಿಯುತ್ತಿದ್ದವು. ಜಗಲಿಯ ಮೇಲೆ ಪೆಟ್ಟಿಗೆ. ಅದಕ್ಕೆ ಮಲ್ಲಿಗೆ ಹಾರ, ಕುಂಕುಮ. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಸಿದ್ದಣ್ಣ ಚಿಕ್ಕಪ್ಪ. ಹಲಸಿನ ಮರಕ್ಕೆ ಮೈಕಿನ ಹಾರ್ನು ಕಟ್ಟಿತ್ತು.

ಅಪ್ಪ, ದೊಡ್ಡಿ ಬುಟ್ಟಿ ಇಳಿಸಿ ಅಡುಗೆಮನೆಯ ಹಿಂದೆ ನಿಂತರು. ಅಲ್ಲಿಗೆ ಬಾವಿ ಕಾಣುತ್ತಿತ್ತು. ಮದುಮಗಳು ಪೊನ್ನಮ್ಮ ಪೂಜೆ ಮುಗಿಸಿದ್ದಳು. ಇಬ್ಬರು ಹೆಂಗಸರು ತುಂಬಿದ ಕೊಡವನ್ನು ಅವಳ ತಲೆಯ ಮೇಲಿಟ್ಟರು.

“ಹಾಕು ದೇವರಾಜು!” ಎಂದು ಬೋಜಪ್ಪನವರು ಕೂಗಿದರು.

ಡುಂ, ಟಕ್, ಟಕ್, ಡುಂ, ಡುಂ. ಬಿಡುವು. ಟಕ್, ಟಕ್.

ಹಾರ್ನಿನಿಂದ ಬಂದ ಸದ್ದು ತೋಟದ ಆಚೆಗೂ ಹೋಯಿತು. ಕುಣಿಯುವವರು ಹೋ ಎಂದು ದಾರಿಗೆ ಅಡ್ಡ ಬಂದರು. ಎಷ್ಟು ಚೆನ್ನಾಗಿ ಕುಣಿದರು! ದೊಡ್ಡಿ ಅಪ್ಪನ ಮುಖ ನೋಡಲಿಲ್ಲ, ಕೈ ನೋಡಿದಳು. ಅಪ್ಪನ ಕೈ ಪಂಚೆಯ ಮೇಲೆ ತಾನಾಗಿಯೇ ಆಡುತ್ತಿತ್ತು. ಬಿಡುವು ಬಂದಾಗ ಆ ಕೈ ಗಕ್ಕನೆ ನಿಂತಿತು. ಮತ್ತೊಮ್ಮೆ ಅದೇ ಬಿಡುವು ಬಂತು. ಅಪ್ಪ ತನ್ನ ಎಡಗೈಯನ್ನು ಎತ್ತಿ ನೋಡಿಕೊಂಡ. ಆಮೇಲೆ ನಿಧಾನವಾಗಿ ತಿರುಗಿ ದೊಡ್ಡಿಯನ್ನು ನೋಡಿದ.

ಅಪ್ಪನಿಗೆ ಗೊತ್ತಾಗಿಹೋಯಿತು. ದೊಡ್ಡಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಕುಣಿತ ನಡೆದೇ ಇತ್ತು. ಪೆಟ್ಟಿಗೆಗೆ ಸುಸ್ತಿಲ್ಲ, ಅದು ಬಡಿಯುತ್ತಲೇ ಇತ್ತು. ಚಿಕ್ಕಪ್ಪ ಉಸಿರು ಸಾಲದೆ ಊದುವುದನ್ನು ನಿಲ್ಲಿಸಿದ. ಪೆಟ್ಟಿಗೆ ನಿಲ್ಲಲಿಲ್ಲ. ದೇವರಾಜಣ್ಣನನ್ನು ಯಾರೋ ಕಾಫಿಗೆ ಎಳೆದುಕೊಂಡು ಹೋಗಿದ್ದರು. ದೊಡ್ಡಿಯ ಕಣ್ಣು ಅಭ್ಯಾಸದಂತೆ ಮದುಮಗಳ ಕತ್ತಿನ ಮೇಲೆ ಹೋಯಿತು.

ಪೊನ್ನಮ್ಮನ ಕತ್ತು ನಡುಗುತ್ತಿತ್ತು. ಕೊಡದ ನೀರು ತುಳುಕಿ ಹಣೆಯ ಮೇಲೆ ಇಳಿಯಿತು. ತುಟಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಕೊಡ ಹಿಡಿದಿದ್ದಳು. ಯಾರೂ ನೋಡುತ್ತಿರಲಿಲ್ಲ.

“ಅಪ್ಪ, ಕತ್ತು!”

“ಕಾಣ್ತದೆ,” ಎಂದ ಅಪ್ಪ. ಅವನ ಬಲಗೈ ಮುಷ್ಟಿಯಾಗಿತ್ತು. ಮುಗಿಸುವ ಪೆಟ್ಟು ಆ ಮುಷ್ಟಿಯಲ್ಲೇ ಇತ್ತು, ಹಾಕಲು ಡೋಲಿರಲಿಲ್ಲ.

ದೊಡ್ಡಿ ಓಡಿದಳು. ಕುಣಿಯುವವರ ಕಾಲುಗಳ ನಡುವೆ ನುಸುಳಿ ಜಗಲಿ ಹತ್ತಿ ಟಪ್ಪನೆ ಸ್ವಿಚ್ ಆರಿಸಿದಳು.

ಅಂಗಳ ಒಮ್ಮೆಲೇ ಮೌನವಾಯಿತು. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ವಾಲಗ ನಿಂತ ಮೇಲೆ ದಾರಿ ಬಿಡಲೇಬೇಕು, ಬಿಟ್ಟರು. ಪೊನ್ನಮ್ಮ ತೂರಾಡುತ್ತ ನಡೆದು ಅಡುಗೆಮನೆಯೊಳಕ್ಕೆ ಹೋದಳು. ಯಾರು ನಿಲ್ಲಿಸಿದರು ಎಂದು ಅವಳು ತಿರುಗಿ ನೋಡಲಿಲ್ಲ. ಅಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

“ಯಾರದು ಆರಿಸಿದ್ದು?” ಬೋಜಪ್ಪನವರು ಜಗಲಿಗೆ ಬಂದರು. ಮುಖ ಕೆಂಪಾಗಿತ್ತು. “ಓಹೋ, ಸಣ್ಣಸ್ವಾಮಿಯ ಮಗಳಾ? ಎಲ್ಲಿ ಸಣ್ಣಸ್ವಾಮಿ?”

ಅಪ್ಪ ಅಂಗಳ ದಾಟಿ ಬಂದ. ಜನ ಅವನಿಗೆ ದಾರಿ ಬಿಟ್ಟರು.

“ಎಂಥ ಸಣ್ಣಸ್ವಾಮಿ, ಮಗುವಿನ ಕೈಲಿ ಹೀಗೆಲ್ಲ ಮಾಡ್ಸೋದಾ? ಕರೀಲಿಲ್ಲ ಅಂತ ಇಷ್ಟು ಹೊಟ್ಟೆಕಿಚ್ಚು ಬೇಡ ಮಾರಾಯ. ನಿಂಗೂ ವಯಸ್ಸಾತು, ರಾತ್ರಿಯಿಡೀ ಬಡಿಯೋ ಕಷ್ಟ ತಪ್ಪಲಿ ಅಂತ ಮಾಡಿದ್ದು.”

“ಅಪ್ಪ ಹೇಳಿಲ್ಲ! ಅವರ ಕತ್ತು...” ಎಂದು ದೊಡ್ಡಿ ಶುರುಮಾಡಿದಳು.

ಅಪ್ಪ ಅವಳ ಭುಜದ ಮೇಲೆ ಕೈಯಿಟ್ಟ. “ತಪ್ಪಾಯ್ತು ಅಯ್ಯ,” ಎಂದ. “ಹುಡುಗಿ, ಗೊತ್ತಾಗ್ದೆ ಮಾಡವಳೆ.”

“ಆತು ಆತು. ಊಟ ಮಾಡ್ಕೊಂಡು ಹೋಗಿ,” ಎಂದು ಬೋಜಪ್ಪನವರು ಒಳಗೆ ಹೋದರು. ಅಷ್ಟರಲ್ಲಿ ದೇವರಾಜಣ್ಣ ಕಾಫಿ ಲೋಟ ಹಿಡಿದೇ ಓಡಿಬಂದ. ಅವನು ಅಪ್ಪನ ಕಡೆ ನೋಡದೆ ಸ್ವಿಚ್ ಹಾಕಿದ. ಡುಂ, ಟಕ್, ಟಕ್, ಡುಂ, ಡುಂ. ಜನ ಮತ್ತೆ ಕುಣಿಯತೊಡಗಿದರು, ಮೊದಲಿಗಿಂತಲೂ ಜೋರಾಗಿ.

ಅವರಿಬ್ಬರೂ ಊಟಕ್ಕೆ ನಿಲ್ಲಲಿಲ್ಲ. ಕಾಫಿ ತೋಟದ ನಡುವಿನ ದಾರಿಯಲ್ಲಿ ಅಪ್ಪ ಮುಂದೆ, ಮಿಕ್ಕಿದ ಒಂದು ಬುಟ್ಟಿ ತಲೆಯ ಮೇಲೆ ಹೊತ್ತ ದೊಡ್ಡಿ ಹಿಂದೆ. ಹಾರ್ನಿನ ಸದ್ದು ಅವರ ಹಿಂದೆಯೇ ಬರುತ್ತಿತ್ತು. ಅಪ್ಪ ಬೈಯಲಿ, ಎರಡೇಟು ಹೊಡೆಯಲಿ ಎಂದು ದೊಡ್ಡಿ ಕಾದಳು. ಅಪ್ಪ ಬೈಯಲಿಲ್ಲ. ಕೊನೆಗೆ ಅವಳೇ ತಡೆಯಲಾರದೆ ಅತ್ತುಬಿಟ್ಟಳು.

“ನಿನ್ ಕೈ ನೋಯ್ಬಾರ್ದು ಅಂತ ಹೇಳ್ಕೊಟ್ಟೆ ಅಪ್ಪ. ನೀನೂ ಅಲ್ಲಿರ್ತೀಯ ಅಂದ್ಕೊಂಡಿದ್ದೆ.”

“ಗೊತ್ತು ಕಣ್ ಮಗ.”

ಸ್ವಲ್ಪ ದೂರ ಹೋದ ಮೇಲೆ ಅಪ್ಪ ನಿಂತ. “ಆರನೇ ಪೆಟ್ಟು ಯಾಕ್ ಬಿಡ್ಸಿದ್ದೆ?”

“ನೀನು ಹೊಡಿಯಲ್ವಲ್ಲ?”

“ನಾನು ಹೊಡಿಯಕಿಲ್ಲ. ನಿಮ್ಮಜ್ಜ ಹೊಡೀತಿದ್ದ. ಅದು ಕಿರುಬೆರಳಿನ ಪೆಟ್ಟು.” ಅಪ್ಪ ಎಡಗೈ ಎತ್ತಿ ಹಿಡಿದ. “ಬೆರಳು ಹೋದ್ ಮೇಲೆ ನಂಗೆ ಅದು ಬರ್ಲೇ ಇಲ್ಲ. ನಂಗ್ ಬೆರಳಿಲ್ಲ, ಬಿಟ್ಟೆ. ಆ ಪೆಟ್ಗೆಗೆ ಏನಾಗಿತ್ತು?”

ಇಷ್ಟು ವರ್ಷ ದೊಡ್ಡಿ ಆ ಬಿಡುವನ್ನೇ ಚೆಂದ ಅಂದುಕೊಂಡಿದ್ದಳು. ಅದು ಅಪ್ಪನ ನೋವಾಗಿತ್ತು. ಈಗ ಅದೇ ಹಾರ್ನಿನಲ್ಲಿ ಊರಿಗೆಲ್ಲ ಕೇಳುತ್ತಿತ್ತು.

ಅಪ್ಪ ಅವಳ ತಲೆಯ ಮೇಲಿದ್ದ ಖಾಲಿ ಬುಟ್ಟಿಯನ್ನು ಇಳಿಸಿ ಬೋರಲು ಹಿಡಿದ. ಅವಳ ಎಡಗೈಯನ್ನು ಎಳೆದುಕೊಂಡು, ಕಿರುಬೆರಳನ್ನು ಹಿಡಿದು ಬಾಗಿಸಿ ಬಿಟ್ಟ. ಬಿದಿರಿನ ಮೇಲೆ ಸಣ್ಣದೊಂದು ಸದ್ದಾಯಿತು.

“ಹಿಂಗೆ,” ಎಂದ. ಬುಟ್ಟಿಯನ್ನು ಮತ್ತೆ ಅವಳ ತಲೆಯ ಮೇಲಿಟ್ಟು ನಡೆಯತೊಡಗಿದ.

ಆ ಮದುವೆ ಕಾಲದಲ್ಲಿ ಮನೆಗೆ ಇನ್ನೊಂದು ವೀಳ್ಯವೂ ಬರಲಿಲ್ಲ. ಪೆಟ್ಟಿಗೆ ಚೆಟ್ಟಳ್ಳಿಗೆ ಹೋಯಿತು, ತಿತಿಮತಿಗೆ ಹೋಯಿತು. ಬೋಜಪ್ಪನವರು ನೆಂಟರಿಗೆಲ್ಲ ಅದನ್ನು ಖುಷಿಯಿಂದ ಕಳಿಸಿಕೊಟ್ಟರು. ಈಗ ಅವರನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಮೂಲೆಯಲ್ಲಿದ್ದ ಡೋಲಿನ ಮೇಲೆ ಅವ್ವ ಬುಟ್ಟಿಗಳನ್ನು ಪೇರಿಸಿಟ್ಟಳು. ಅಪ್ಪ ಅವನ್ನು ಕೆಳಗಿಳಿಸಲಿಲ್ಲ.

ಸುಗ್ಗಿಯ ಹುತ್ತರಿ ಹಬ್ಬ ಹತ್ತಿರ ಬಂದಾಗ ದೊಡ್ಡಿ ಎಂದಿನಂತೆ ಬಸ್‌ಸ್ಟ್ಯಾಂಡಿನ ಬಳಿ ಬುಟ್ಟಿ ಮಾರಲು ಕೂತಿದ್ದಳು. ಅಂಗಡಿಯ ಮುಂದೆ ಅಲ್ಲ, ರಸ್ತೆಯ ಈಚೆ ಬದಿಗೆ. ದೇವರಾಜಣ್ಣನೇ ರಸ್ತೆ ದಾಟಿ ಬಂದ.

“ಪೆಟ್ಟಿಗೆ ಮತ್ತೆ ಬಂದಿದೆ ದೊಡ್ಡಿ. ಹುತ್ತರಿ ಕೋಲಾಟಕ್ಕೆ ಬೇರೆ ಪೆಟ್ಟು ಬೇಕಂತೆ. ಬಾ, ಒಂದು ಗಳಿಗೆ ಹೇಳಿಕೊಡು.”

ಹುತ್ತರಿಯ ಪೆಟ್ಟು ದೊಡ್ಡಿಗೆ ನಿದ್ದೆಗಣ್ಣಿನಲ್ಲೂ ಬರುತ್ತಿತ್ತು.

“ನಂಗ್ ಬರಲ್ಲ,” ಎಂದಳು.

“ನಿನಗೆ ಬರಲ್ವಾ? ಹೋಗ್ಲಿ ಬಿಡು. ಇನ್ನೊಂದು ವಿಷಯ. ತಿತಿಮತಿಯಲ್ಲಿ ಯಾರೋ ಮುದುಕರು ಕೇಳಿ, ಆರನೇದು ಒಂದು ಪೆಟ್ಟು ಎಲ್ಲೋ ಬಿಟ್ಟುಹೋಗಿದೆ ಅಂದ್ರಂತೆ. ಮೊದಲು ಇತ್ತಂತೆ. ಹೇಗಿತ್ತು ಅಂತ ಅವರಿಗೂ ನೆನಪಿಲ್ಲ. ನಿನಗೇನಾದ್ರೂ ಗೊತ್ತಾ ಮೇಷ್ಟ್ರೇ?”

ಆ ಮಾತಿಗೆ ಈಗ ದೊಡ್ಡಿಗೆ ಹಿಗ್ಗು ಬರಲಿಲ್ಲ. ಅವಳು ದೇವರಾಜಣ್ಣನ ದಾರ ಕಟ್ಟಿದ ಕನ್ನಡಕವನ್ನೇ ನೋಡಿದಳು. ಅವನು ಕೆಟ್ಟವನಲ್ಲ. ಅದಕ್ಕೇ ಹೇಳದಿರುವುದು ಇನ್ನೂ ಕಷ್ಟವಾಯಿತು.

“ಗೊತ್ತಿಲ್ಲ,” ಎಂದಳು.

ವಿರಾಜಪೇಟೆಯ ಬಸ್ಸು ಹಾರ್ನ್ ಹೊಡೆಯುತ್ತ ಬಂದು ನಿಂತಿತು. ದೇವರಾಜಣ್ಣ ತಲೆ ಕೆರೆದುಕೊಂಡು ಅಂಗಡಿಗೆ ಹೊರಟ. ದೊಡ್ಡಿಯ ಎಡಗೈ ಬೆನ್ನ ಹಿಂದೆ, ಬೋರಲು ಹಾಕಿದ ಬುಟ್ಟಿಯ ಮೇಲಿತ್ತು. ಡುಂ, ಟಕ್, ಟಕ್, ಡುಂ, ಡುಂ. ಆಮೇಲೆ ಕಿರುಬೆರಳು ಮೆಲ್ಲಗೆ ಬಾಗಿ ಬಿದಿರನ್ನು ತಟ್ಟಿತು. ಬಸ್ಸಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.